ನಲವತ್ತು ನಿಮಿಷದ ಉಳಿತಾಯ

ಇದು ನಡೆದ ಕಥೆ. ಸುಳ್ಳು ಎನ್ನುವವರು ಡೇಟಾ ಸೆಂಟರಿನ ನಾಲ್ಕನೇ ಹಾಲ್‌ನ ಬಿಸಿ ಓಣಿಗೆ ಹೋಗಿ ಎರಡು ನಿಮಿಷ ಕೈಕಾಲು ಆಡಿಸದೆ ನಿಂತು ನೋಡಲಿ. ದೀಪ ಆರುತ್ತದೆ. ಆರಿದ ಮೇಲೂ ಸುಳ್ಳು ಎನಿಸಿದರೆ ಅಲ್ಲೇ ಮಲಗಲಿ. ಯಾರೂ ಬಂದು ಎಬ್ಬಿಸುವುದಿಲ್ಲ. ಮರುದಿನದ ಉಳಿತಾಯದ ಪಟ್ಟಿಯಲ್ಲಿ ಒಂದು ಸಾಲು ಬರುತ್ತದೆ, ಅಷ್ಟೆ.

ಆ ಕಟ್ಟಡಕ್ಕೆ ಕಿಟಕಿಯಿಲ್ಲ. ಒಳಗೆ ನಾಲ್ಕು ಹಾಲ್. ಹಾಲಿನ ತುಂಬ ಬೀರುಗಳಂತೆ ಸಾಲುಗಟ್ಟಿ ನಿಂತ ರ್ಯಾಕುಗಳು, ರ್ಯಾಕುಗಳ ತುಂಬ ಯಂತ್ರಗಳು. ಜನ ಫೋನಿನಲ್ಲಿ ತೆಗೆದ ಫೋಟೊ, ಕೇಳಿದ ಹಾಡು, ಪ್ರೀತಿಯಲ್ಲಿ ಬರೆದ ಮಾತು, ಸಿಟ್ಟಿನಲ್ಲಿ ಬರೆದ ಬೈಗುಳ ಎಲ್ಲ ಬಂದು ಕೂರುವುದು ಇಲ್ಲಿ. ಯಂತ್ರಗಳ ಮೂತಿ ಇರುವ ಕಡೆ ತಂಪು ಓಣಿ. ಬೆನ್ನಿರುವ ಕಡೆ ಬಿಸಿ ಓಣಿ. ಮೂತಿಯಲ್ಲಿ ತಣ್ಣಗಿನ ಗಾಳಿ ಕುಡಿದು ಬೆನ್ನಿನಲ್ಲಿ ಸುಡುವ ಗಾಳಿ ಬಿಡುತ್ತವೆ. ಮೂತಿಯ ಕಡೆ ಇಂಜಿನಿಯರುಗಳು ಓಡಾಡುತ್ತಾರೆ. ಬೆನ್ನು ಒರೆಸುವವರು ಹೆಂಗಸರು.

ಅವರಲ್ಲಿ ಹಿರಿಯಳು ಚಿಕ್ಕಮ್ಮ. ಸೂಪರ್‌ವೈಸರನಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಚಿಕ್ಕಮ್ಮನೇ. ಆದರೆ ನಿಜಕ್ಕೂ ಚಿಕ್ಕಮ್ಮ ಆಗಿದ್ದುದು ಒಬ್ಬಳಿಗೆ, ತೀರಿಹೋದ ಅಕ್ಕನ ಮಗಳಿಗೆ. ಆ ಹುಡುಗಿಗೆ ಗಿಣಿ ಎಂದು ಹೆಸರು ಬಿದ್ದದ್ದು ಮೂಗು ನೋಡಿ ಅಲ್ಲ, ಗಂಟಲು ಕೇಳಿ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಸಂಜೆಯೊಳಗೆ ಅದು ಅವಳ ಬಾಯಲ್ಲಿ. ಲಿಫ್ಟು ಮಾತಾಡುವಂತೆ ಮಾತಾಡುತ್ತಿದ್ದಳು. ಅತ್ತೆ ಕೆಮ್ಮುವಂತೆ ಕೆಮ್ಮಿ ಗಂಡನನ್ನು ಮಂಚದಿಂದ ಎಬ್ಬಿಸುತ್ತಿದ್ದಳು. ಈಗ ಏಳು ತಿಂಗಳ ಬಸುರಿ. ಏಪ್ರನ್ನಿನ ದಾರ ಹಿಂದೆ ಕಟ್ಟಲು ಸಾಲುತ್ತಿರಲಿಲ್ಲ.

ಅವಳ ಬಾಯಿಗೆ ಹೆಚ್ಚು ಸಿಕ್ಕಿಬಿದ್ದವನು ಮ್ಯಾನೇಜರ್. ಪಾಯಿಂಟ್ ಸಾಹೇಬ ಎಂದು ಹೆಸರಿಟ್ಟವಳೂ ಅವಳೇ.

"ಹ್ಹೆಂ," ಎಂದು ಗಂಟಲು ಸರಿಮಾಡಿಕೊಂಡು, ಇಲ್ಲದ ಟೈ ಸವರಿ, ಮಾಪಿನ ಕೋಲನ್ನು ಮೈಕಿನಂತೆ ಹಿಡಿದು ಶುರುಮಾಡುತ್ತಿದ್ದಳು. "ಹ್ಹೆಂ. ವಿಷಯ ಏನಪ್ಪಾ ಅಂದ್ರೆ, ನಾವು ಭೂಮಿಯನ್ನ ಉಳಿಸ್ಬೇಕು. ಅದಕ್ಕೆ ನೀವೆಲ್ಲ ಸ್ವಲ್ಪ ಕಮ್ಮಿ ಉಸಿರಾಡ್ಬೇಕು."

ಹೆಂಗಸರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಚಿಕ್ಕಮ್ಮ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು.

ಸಾಹೇಬನ ಪಾಯಿಂಟು ಇಷ್ಟು. ಹಾಲ್ ತಿನ್ನುವ ಒಟ್ಟು ಕರೆಂಟನ್ನು ಯಂತ್ರಗಳು ತಿನ್ನುವ ಕರೆಂಟಿನಿಂದ ಭಾಗಿಸಬೇಕು. ಬಂದ ಸಂಖ್ಯೆ ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಪ್ರತಿ ಹಾಲಿನ ಬಾಗಿಲ ಮೇಲಿನ ಬೋರ್ಡಿನಲ್ಲಿ ಆ ಸಂಖ್ಯೆ ಕೆಂಪಗೆ ಉರಿಯುತ್ತಿತ್ತು. ಉಳಿದ ಮೂರು ಹಾಲ್ ಪಾಸಾಗಿದ್ದವು. ಅರ್ಧ ಖಾಲಿಯಿದ್ದ ನಾಲ್ಕನೆಯದು ಮಾತ್ರ 1.304ಕ್ಕೆ ಕಚ್ಚಿಕೊಂಡು ಕೂತಿತ್ತು. 1.3ರ ಕೆಳಗೆ ಇಳಿದರೆ ಇಡೀ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ.

ಚಿಕ್ಕಮ್ಮನಿಗೆ ಭಾಗಾಕಾರ ಬರುತ್ತಿರಲಿಲ್ಲ. ಆದರೂ ಲೆಕ್ಕ ಅರ್ಥವಾಯಿತು. ಯಂತ್ರ ತಿಂದರೆ ಅದು ಕೆಲಸ. ಮನುಷ್ಯರಿಗೆ ಹೋದರೆ ಅದು ಪೋಲು. ದೀಪ ಪೋಲು. ಕುಡಿಯುವ ನೀರಿನ ಕೂಲರ್ ಪೋಲು. ಹೆಂಗಸರ ಕೋಣೆಯ ಫ್ಯಾನು ಪೋಲು.

ಮೊದಲು ತಂಪು ಕಡಿಮೆ ಮಾಡಿದರು. ಯಂತ್ರಗಳು ತಡೆದುಕೊಳ್ಳುತ್ತವೆ ಎಂದು ಪುಸ್ತಕದಲ್ಲಿ ಇತ್ತಂತೆ. ತಡೆದುಕೊಂಡವು. ಬಿಸಿ ಓಣಿ ಮೂವತ್ತೈದರಿಂದ ನಲವತ್ತೆರಡು ಡಿಗ್ರಿಗೆ ಏರಿತು. ಅಲ್ಲಿ ಯಾರು ತಡೆದುಕೊಳ್ಳುತ್ತಾರೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ದೂಳು ಕೂತರೆ ಯಂತ್ರಗಳಿಗೆ ಉಸಿರು ಕಟ್ಟುತ್ತದೆಂದು ವಾರಕ್ಕೊಮ್ಮೆ ಒರೆಸುತ್ತಿದ್ದುದನ್ನು ದಿನವೂ ಒರೆಸಲು ಹೇಳಿದರು. ನೀರು ಮುಟ್ಟಿಸುವ ಹಾಗಿಲ್ಲ. ಒಣ ಬಟ್ಟೆ. ಮಂಡಿಯೂರಿ ನೆಲದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಅಡಿಯ ದೂಳನ್ನೂ ತೆಗೆಯಬೇಕು. ಒಂದು ಹಲಗೆ ಹದಿನೈದು ಕಿಲೊ. ದಿನಕ್ಕೆ ನಲವತ್ತು ಹಲಗೆ. ಬೆವರು ಹಲಗೆಯ ಮೇಲೆ ಬಿದ್ದರೆ ಅದನ್ನೂ ಒರೆಸಬೇಕು.

ಆಮೇಲೆ ದೀಪಕ್ಕೆ ಕಣ್ಣು ಬಂತು. ಎರಡು ನಿಮಿಷ ಯಾರೂ ಅಲುಗಾಡದಿದ್ದರೆ ತಾನೇ ಆರುವ ದೀಪ. ಆ ಕಣ್ಣಿಗೆ ನಿಂತವರು ಕಾಣುತ್ತಿದ್ದರು. ಮಂಡಿಯೂರಿದವರು ಕಾಣುತ್ತಿರಲಿಲ್ಲ. ಹಾಗಾಗಿ ಒರೆಸುವವರು ಎರಡು ನಿಮಿಷಕ್ಕೊಮ್ಮೆ ಎದ್ದು, ಎರಡೂ ಕೈ ಎತ್ತಿ ಚಾವಣಿಯ ಕಡೆ ಬೀಸಿ, ಮತ್ತೆ ಬಗ್ಗಬೇಕು. ನಾನಿದ್ದೇನೆ, ನಾನಿದ್ದೇನೆ. ಗಂಟೆಗೆ ಮೂವತ್ತು ಸಲ.

ಕೊನೆಗೆ ಫ್ಯಾನು. ಹೆಂಗಸರ ಕೋಣೆಯ ಫ್ಯಾನು ಬಿಚ್ಚುವಾಗ ಏಣಿ ಹಿಡಿದವಳು ಚಿಕ್ಕಮ್ಮನೇ. ಹಿಡಿ ಎಂದರು, ಹಿಡಿದಳು. ಮೇಲಿನಿಂದ ಉದುರಿದ ದೂಳನ್ನೂ ಗುಡಿಸಿದಳು.

ಒಂದು ಮಂಗಳವಾರ ಚಿಕ್ಕಮ್ಮನನ್ನು ಬೇರೆ ಹಾಲಿಗೆ ಕಳಿಸಿದ್ದರು. ಊಟದ ಹೊತ್ತಿಗೆ ಗಿಣಿ ಬರಲಿಲ್ಲ. ಚಿಕ್ಕಮ್ಮ ಡಬ್ಬಿ ಮುಚ್ಚಿಟ್ಟು ನಾಲ್ಕನೇ ಹಾಲಿಗೆ ಹೋದಳು. ಬಿಸಿ ಓಣಿಯ ಬಾಗಿಲು ತೆರೆದಾಗ ಒಳಗೆ ಕತ್ತಲು. ಹಸಿರು ಚುಕ್ಕಿಗಳು ಮಿಣಮಿಣ ಎನ್ನುತ್ತಿದ್ದವು. ಇವಳು ಕಾಲಿಟ್ಟ ಮೇಲೆ ದೀಪ ಹತ್ತಿತು.

ಗಿಣಿ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಅರ್ಧ ಎತ್ತಿದ ಹಲಗೆ ಪಕ್ಕದಲ್ಲಿತ್ತು. ರ್ಯಾಕಿಗೆ ಒರಗಿ ಜಾರಿದ್ದರಿಂದ ಕೆನ್ನೆಯ ಮೇಲೆ ಜಾಲರಿಯ ಅಚ್ಚು ಮೂಡಿತ್ತು. ಮೈ ಕಾದ ಕಾವಲಿ. ತುಟಿ ಬಿಳಿಚಿತ್ತು. ಚಿಕ್ಕಮ್ಮ ಅವಳ ಕಂಕುಳಿಗೆ ಕೈ ಹಾಕಿ ತಂಪು ಓಣಿಯವರೆಗೆ ಎಳೆದುಕೊಂಡು ಹೋದಳು. ಒಂದು ಕೈ ಹೊಟ್ಟೆಯ ಮೇಲಿಟ್ಟು ಕಾದಳು. ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಒಂದು ಒದೆತ ಬಂತು.

ಗಿಣಿ ಕಣ್ಣು ಬಿಟ್ಟು ಸೂಪರ್‌ವೈಸರನ ದನಿಯಲ್ಲಿ ಹೇಳಿದಳು: "ಯಾರಮ್ಮ ಅದು, ದೀಪ ಹಚ್ಚಿದ್ದು?"

ಚಿಕ್ಕಮ್ಮ ನಗಲಿಲ್ಲ. ಕಪಾಳಕ್ಕೆ ಬಾರಿಸಬೇಕೆನಿಸಿತು. ತಬ್ಬಿಕೊಂಡಳು.

ಮರುದಿನ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಸೂಪರ್‌ವೈಸರ್ ಎಂದಿನಂತೆ ಉಳಿತಾಯದ ಪಟ್ಟಿ ಓದಿದ. "ನಾಲ್ಕನೇ ಹಾಲ್. ದೀಪ. ನಲವತ್ತು ನಿಮಿಷ ಉಳಿತಾಯ. ಈ ವಾರದ ದಾಖಲೆ. ಚಪ್ಪಾಳೆ."

ಎಲ್ಲರೂ ತಟ್ಟಿದರು. ಚಿಕ್ಕಮ್ಮನ ಕೈಗಳೂ ಎರಡು ಸಲ ತಟ್ಟಿದವು. ಮೂರನೆಯದಕ್ಕೆ ನಿಂತವು. ಯಾವ ನಲವತ್ತು ನಿಮಿಷ ಎಂದು ಅವಕ್ಕೆ ಆಗ ಗೊತ್ತಾಯಿತು.

"ಸಾರ್, ಆ ನಲವತ್ತು ನಿಮಿಷ ಇವಳು ಅಲ್ಲಿ ಎಚ್ಚರ ತಪ್ಪಿ ಬಿದ್ದಿದ್ಳು."

"ಹೌದಮ್ಮ, ಕೇಳ್ದೆ. ಅದನ್ನ ಇಲ್ಲಿ ಹೇಳ್ಬೇಡ."

"ಡಾಕ್ಟ್ರು ಬಿಸೀಲಿ ನಿಲ್ಲಬಾರ್ದು ಅಂದಿದಾರೆ. ಬೇರೆ ಕಡೆ ಹಾಕಿ."

"ಬೇರೆ ಕಡೆ ಅಂದ್ರೆ ನನ್ ಕುರ್ಚಿ ಮೇಲೆ ಕೂರಿಸ್ಲಾ? ನಾಲ್ಕನೇ ಹಾಲಿಗೆ ಇಬ್ರು ಅಂತ ಇದೆ. ಅವಳ ಹೆರಿಗೆ ರಜೆ ಶುರುವಾಗೋಕೆ ಇನ್ನೂ ಆರು ವಾರ. ಮುಂಚೆ ಹೋಗೋದಾದ್ರೆ ಹೋಗ್ಲಿ. ರಜೆನೂ ಇಲ್ಲ, ವಾಪಸ್ ಕೆಲಸನೂ ಇಲ್ಲ."

ಆರು ವಾರ. ಚಿಕ್ಕಮ್ಮ ಬೆರಳಲ್ಲಿ ಎಣಿಸಿದಳು. ನಲವತ್ತೆರಡು ಡಿಗ್ರಿಯಲ್ಲಿ ನಲವತ್ತೆರಡು ದಿನ. ಕಟ್ಟಡದಲ್ಲಿ ಎಲ್ಲವೂ ಎಷ್ಟು ಚೆನ್ನಾಗಿ ಹೊಂದುತ್ತದೆ ಎನಿಸಿತು.

ಮೂರನೇ ಹಾಲಿನ ಮೂಲೆಯಲ್ಲಿ ಒಂದು ಗಾಲಿಯ ತಂಪು ಯಂತ್ರ ನಿಂತಿರುತ್ತಿತ್ತು. ಯಾವುದಾದರೂ ಯಂತ್ರದ ಮೈ ಬಿಸಿ ಏರಿದರೆ ಇಂಜಿನಿಯರು ಅದನ್ನು ತಳ್ಳಿಕೊಂಡು ಓಡುತ್ತಿದ್ದ. ಚಿಕ್ಕಮ್ಮ ಯಾರನ್ನೂ ಕೇಳಲಿಲ್ಲ. ಗುರುವಾರ ಅದನ್ನು ನಾಲ್ಕನೇ ಹಾಲಿನ ಬಿಸಿ ಓಣಿಗೆ ತಳ್ಳಿದಳು. ಪ್ಲಗ್ ಹಾಕಲು ಗೋಡೆ ನೋಡಿದರೆ, ಗೋಡೆಯ ಪ್ಲಗ್ಗುಗಳಿಗೆಲ್ಲ ಮುಚ್ಚಳ ಹಾಕಿ ಹಸಿರು ಎಲೆಯ ಚಿತ್ರ ಅಂಟಿಸಿದ್ದರು. ಖಾಲಿ ರ್ಯಾಕೊಂದರ ಹಿಂದೆ ಯಂತ್ರಗಳಿಗೆಂದು ಇಟ್ಟ ಪ್ಲಗ್ಗಿನ ಪಟ್ಟಿ ಇತ್ತು. ಅದಕ್ಕೇ ಚುಚ್ಚಿದಳು. ಗಿಣಿಯನ್ನು ಅದರ ಮುಂದೆ ಒಂದು ಡಬ್ಬದ ಮೇಲೆ ಕೂರಿಸಿದಳು.

"ಕೂತ್ಕೊಂಡೇ ಒರೆಸು. ಹಲಗೆ ನಾನು ಎತ್ತೀನಿ."

"ಚಿಕ್ಕಮ್ಮ, ಬೋರ್ಡ್ ಏರಿದ್ರೆ?"

"ಏರ್ಲಿ. ಬಂದು ಕೇಳ್ಲಿ."

ಬಾಯಲ್ಲಿ ಹಾಗೆಂದಳು. ಆದರೂ ಐದು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಬಾಗಿಲ ಮೇಲೆ ನೋಡುತ್ತಿದ್ದಳು. ಬೋರ್ಡ್ ಏರಲಿಲ್ಲ. ಇಳಿಯಿತು. 1.304 ಇದ್ದದ್ದು 1.291 ಆಯಿತು.

ಸೂಪರ್‌ವೈಸರ್ ಬಂದು ಬೋರ್ಡಿನ ಫೋಟೊ ತೆಗೆದುಕೊಂಡು ಓಡಿದ. ಒಳಗೆ ಇಣುಕಲೂ ಇಲ್ಲ.

ಚಿಕ್ಕಮ್ಮ ಕರೆಂಟಿನ ಕೆಲಸದವನನ್ನು ಹಿಡಿದಳು. ಅವನಿಗೆ ಎಲ್ಲರೂ ಕರೆಂಟಣ್ಣ ಎನ್ನುತ್ತಿದ್ದರು. ಅವನು ಬಂದು ನೋಡಿ, ಪ್ಲಗ್ಗಿನ ಕಡೆ ನೋಡಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ.

"ಚಿಕ್ಕಮ್ಮ, ಗೋಡೆಗೆ ಚುಚ್ಚಿದ್ರೆ ಇದು ಪೋಲು. ರ್ಯಾಕಿಗೆ ಚುಚ್ಚಿದೀಯ, ಕಂಪ್ಯೂಟರ್ ಅಂತ ಲೆಕ್ಕ ಆಯ್ತು. ಕಂಪ್ಯೂಟರ್ ಜಾಸ್ತಿ ತಿಂದಷ್ಟೂ ಆ ಸಂಖ್ಯೆ ಇಳಿಯುತ್ತೆ."

"ಕರೆಂಟು ಜಾಸ್ತಿ ತಾನೇ ಖರ್ಚಾಗ್ತಿರೋದು?"

"ಜಾಸ್ತಿನೇ."

"ಮತ್ತೆ ಹಸಿರು ಹೆಂಗಾಯ್ತು?"

"ಅದನ್ನೇ ನಾನೂ ಕೇಳ್ದೆ ಒಂದ್ಸಲ. ಆ ಕೊನೇ ಮೂರು ರ್ಯಾಕು ನೋಡು. ಮುಚ್ಚಿಹೋದ ಯಾವುದೋ ಕಂಪನಿದು. ಒಂದು ವರ್ಷದಿಂದ ಯಾರಿಗೂ ಬೇಡ, ಸುಮ್ಮನೆ ಉರೀತಿವೆ. ಆಫ್ ಮಾಡಿ ಸಾರ್ ಅಂದೆ. ಮಾಡಿದ್ರೆ ಪಾಯಿಂಟ್ ಏರುತ್ತೆ, ಮುಟ್ಬೇಡ ಅಂದ್ರು."

ಆ ಮೂರು ರ್ಯಾಕುಗಳ ಬೆನ್ನನ್ನು ಚಿಕ್ಕಮ್ಮ ದಿನವೂ ಒರೆಸುತ್ತಿದ್ದಳು. ಸತ್ತವರ ಬೆನ್ನು. ಬಿಸಿ ಮಾತ್ರ ಬದುಕಿದವರದು.

ಹನ್ನೆರಡು ದಿನ ಹೀಗೆ ನಡೆಯಿತು. ಗಿಣಿಯ ತುಟಿಗೆ ಬಣ್ಣ ಬಂತು. ಹದಿಮೂರನೆಯ ದಿನ ಪಾಯಿಂಟ್ ಸಾಹೇಬ ತಾನೇ ಬಂದ. ಹಿಂದೆ ಸೂಪರ್‌ವೈಸರ್. ಸಾಹೇಬ ತಂಪು ಯಂತ್ರ ನೋಡಿದ, ಗಿಣಿಯನ್ನು ನೋಡಿದ, ಪ್ಲಗ್ ನೋಡಿದ. ಪ್ಲಗ್ ನೋಡಿದಾಗ ಅವನ ಮುಖದ ಸಿಟ್ಟು ನಡುದಾರಿಯಲ್ಲೇ ನಿಂತಿತು. ಅವನಿಗೆ ಭಾಗಾಕಾರ ಬರುತ್ತಿತ್ತು.

"ಹ್ಹೆಂ. ವಿಷಯ ಏನಪ್ಪಾ ಅಂದ್ರೆ," ಎಂದ. "ಈ ಮಷೀನು ಇಲ್ಲೇ ಇರ್ಲಿ. ಯಾರೂ ಮುಟ್ಬೇಡಿ. ಸೋಮವಾರ ಹಸಿರು ಪ್ರಮಾಣಪತ್ರದವರು ಪರೀಕ್ಷೆಗೆ ಬರ್ತಾರೆ. ಅವತ್ತು ಹೆಂಗಸರೆಲ್ಲ ಸ್ಟೋರಿನಲ್ಲಿ ಇರ್ಬೇಕು. ಓಡಾಡಿದ್ರೆ ದೀಪ ಹತ್ತುತ್ತೆ."

"ಎಷ್ಟು ಹೊತ್ತು ಸಾರ್?" ಎಂದಳು ಚಿಕ್ಕಮ್ಮ.

"ಮೂರು ಗಂಟೆ. ಬಾಗಿಲು ಹಾಕ್ಕೊಂಡಿರಿ. ಮತ್ತೆ ಈ ಹುಡುಗಿ," ಅವನು ಗಿಣಿಯ ಕಡೆ ನೋಡದೆ ಅವಳ ಹೊಟ್ಟೆಯ ಕಡೆ ನೋಡಿದ, "ಸೋಮವಾರದಿಂದ ಬರೋದು ಬೇಡ. ಒಳಗಡೆ ಏನಾದ್ರೂ ಆದ್ರೆ ಜವಾಬ್ದಾರಿ ಯಾರದು?"

"ಗಾಳಿ ಇರ್ಬೇಕು. ಗಾಳಿಗೆ ಕೂತೋಳು ಇರ್ಬಾರ್ದು. ಹಂಗಾ ಸಾರ್?"

"ಸೂಪರ್‌ವೈಸರ್, ಇವರಿಗೆ ಹೇಳಿ," ಎಂದು ಸಾಹೇಬ ಹೊರಟುಹೋದ.

ಸೋಮವಾರ ಬೆಳಿಗ್ಗೆ ಹನ್ನೊಂದು ಜನ ಹೆಂಗಸರು ಸ್ಟೋರಿನ ಒಳಗೆ ಹೋದರು. ಫಿನಾಯಿಲ್ ಕ್ಯಾನುಗಳ ನಡುವೆ ಒಬ್ಬೊಬ್ಬರೂ ಜಾಗ ಮಾಡಿಕೊಂಡು ಕೂತರು. ಚಿಕ್ಕಮ್ಮ ಹೊಸಿಲು ದಾಟಲಿಲ್ಲ.

"ನಡಿಯಮ್ಮ," ಎಂದ ಸೂಪರ್‌ವೈಸರ್.

"ಒಲ್ಲೆ."

ಸರ್ವಿಸಿನಲ್ಲಿ ಅದು ಅವಳ ಮೊದಲನೆಯ ಒಲ್ಲೆ. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದಳು. "ನಾನು ಒಳಗೆ ಹೋಗಲ್ಲ. ಏಣಿ ಹಿಡಿ ಅಂದ್ರಿ, ಹಿಡಿದೆ. ಚಪ್ಪಾಳೆ ಹೊಡಿ ಅಂದ್ರಿ, ಹೊಡೆದೆ. ನಾನೇನು ಮಾಪಲ್ಲ, ಸ್ಟೋರಿನಲ್ಲಿ ನಿಲ್ಲಿಸೋಕೆ."

ಅವನು ತೋಳಿಗೆ ಕೈ ಹಾಕಿದ. ಅವಳು ಆ ಕೈಯನ್ನು ನೋಡಿದಳು. ದಿನಕ್ಕೆ ನಲವತ್ತು ಹಲಗೆ ಎತ್ತುವ ತೋಳು ಅದು. ಅವನೇ ಕೈ ತೆಗೆದ. ಅಷ್ಟರಲ್ಲಿ ಪರೀಕ್ಷೆಯವರ ಕಾರು ಬಂತೆಂದು ಫೋನು ಬಂದು ಅವನು ಓಡಿದ.

ಗಿಣಿಯನ್ನು ಗೇಟಿನಲ್ಲಿ ತಡೆಯಲು ಹೇಳಿದ್ದರು. ಅವಳು ಗೇಟಿನವನ ಫೋನಿಗೆ ಪಕ್ಕದ ಗೋಡೆಯ ಮರೆಯಿಂದ ಕರೆ ಮಾಡಿ, ಪಾಯಿಂಟ್ ಸಾಹೇಬನ ದನಿಯಲ್ಲಿ, "ಹ್ಹೆಂ, ಆ ಹುಡುಗೀನ ಬಿಡಿ, ಲೆಕ್ಕ ಚುಕ್ತಾ ಮಾಡ್ಬೇಕು," ಎಂದು ಹೇಳಿ, ಆಮೇಲೆ ತಾನೇ ಬಂದು ತಲೆ ತಗ್ಗಿಸಿ ಒಳಗೆ ನಡೆದಿದ್ದಳು. ದಾರಿಯಲ್ಲಿ ಕಂಡ ಹೆಂಗಸರಿಗೆ ಕಣ್ಣು ಹೊಡೆದು, ನಾಲ್ಕನೇ ಹಾಲಿನಲ್ಲಿ ಚಿಕ್ಕಮ್ಮನಿಗಿಂತ ಮೊದಲೇ ಡಬ್ಬದ ಮೇಲೆ ಕೂತಿದ್ದಳು.

ಪರೀಕ್ಷೆಗೆ ಬಂದವಳು ಅರವತ್ತರ ಹತ್ತಿರದ ಹೆಂಗಸು. ಚಪ್ಪಟೆ ಚಪ್ಪಲಿ, ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್. ಮಾತು ಕಡಿಮೆ. ಸಾಹೇಬ ಬಿಸಿ ಓಣಿಯ ಬಾಗಿಲು ತೆರೆದು, "ಇದು ನಮ್ಮ ಹೆಮ್ಮೆ ಮೇಡಂ," ಎಂದ. ಒಳಗೆ ಇಬ್ಬರು ಹೆಂಗಸರು ಕಂಡರು. ಹೆಮ್ಮೆ ಬಾಯಲ್ಲೇ ಉಳಿಯಿತು.

"ಇವರು ಯಾರು?" ಎಂದಳು ಮೇಡಂ. ಸಾವಿರ ಫ್ಯಾನುಗಳ ಹೋ ಎಂಬ ಸದ್ದಿನಲ್ಲಿ ಕಿರುಚಿಯೇ ಕೇಳಬೇಕಾಯಿತು.

"ಕ್ಲೀನಿಂಗ್‌ನೋರು. ಈಗ ಹೊರಡ್ತಾರೆ."

"ಹೊರಡಲ್ಲ," ಎಂದಳು ಚಿಕ್ಕಮ್ಮ. "ಮೇಡಂ, ಕೈಯಲ್ಲಿರೋದ್ರಲ್ಲಿ ಆ ಸಂಖ್ಯೆ ನೋಡ್ತಿರಿ."

ಬಗ್ಗಿ ಪ್ಲಗ್ ಕಿತ್ತಳು. ತಂಪು ಯಂತ್ರ ನಿಂತಿತು. ಬಿಸಿ ಗಾಳಿ ಎಲ್ಲರ ಮುಖಕ್ಕೂ ಸಮನಾಗಿ ಬಡಿಯಿತು. ಮೇಡಂ ಟ್ಯಾಬ್ ನೋಡುತ್ತ ನಿಂತಳು. ಸಾಹೇಬನ ಕುತ್ತಿಗೆಯಿಂದ ಒಂದು ಹನಿ ಬೆವರು ಕಾಲರಿನೊಳಗೆ ಇಳಿಯಿತು. ಸಂಖ್ಯೆ 1.304 ಆಯಿತು.

"ಇದು ಕಂಪ್ಯೂಟರಲ್ಲ ಮೇಡಂ. ಇವಳಿಗೆ ಗಾಳಿ. ಗೋಡೆಯ ಪ್ಲಗ್ಗಿಗೆ ಮುಚ್ಚಳ ಹಾಕಿದಾರೆ, ಅದಕ್ಕೆ ನಾನೇ ತಿಳೀದೆ ಇಲ್ಲಿ ಚುಚ್ಚಿದೆ. ತಿಳಿದ ಮೇಲೆ ಇವರು ತೆಗೀಬೇಡ ಅಂದ್ರು. ಹುಡುಗೀನ ತೆಗೀತೀವಿ ಅಂದ್ರು. ಆ ಕೊನೇ ಮೂರು ರ್ಯಾಕು ಯಾರಿಗೂ ಬೇಡದೆ ಉರೀತಿವೆ, ಅದನ್ನೂ ಬರ್ಕೊಳ್ಳಿ. ಅವನ್ನ ಆರಿಸಲ್ಲ. ನಮ್ಮ ಫ್ಯಾನು ಆರಿಸ್ತಾರೆ."

ಯಾರೂ ಅಲುಗಾಡಲಿಲ್ಲ. ಚಿಕ್ಕಮ್ಮ ಎರಡೂ ಕೈ ಕಟ್ಟಿ ನಿಂತಿದ್ದಳು. ದೀಪಕ್ಕಾಗಿ ಕೈ ಬೀಸುವುದು ಅವಳ ಮೈಗೆ ಅಂಟಿದ ಅಭ್ಯಾಸ. ತೋಳು ತಾನಾಗಿ ಎದ್ದೇಳಲು ನೋಡಿತು. ಉಗುರು ಊರಿ ಹಿಡಿದುಕೊಂಡಳು. ನೆಲದ ಮೇಲೆ ಜಾಲರಿಯ ಅಚ್ಚಿನ ಕೆನ್ನೆ, ಕತ್ತಲು, ಕಾದು ಕಾದು ಬಂದ ಒದೆತ, ಮರುದಿನದ ಚಪ್ಪಾಳೆ. ಒಂದೊಂದನ್ನೇ ಹೇಳಿದಳು. ಸೂಪರ್‌ವೈಸರ್ ಸಾಹೇಬನ ಹಿಂದೆ ಕಂಬವಾಗಿದ್ದ, ಸಾಹೇಬನೂ ಕಂಬವೇ. ಮೇಡಂ ರೆಪ್ಪೆ ಮಾತ್ರ ಆಡಿಸುತ್ತಿದ್ದಳು. ಆ ಕಣ್ಣಿಗೆ ರೆಪ್ಪೆ ಲೆಕ್ಕಕ್ಕಿಲ್ಲ.

ದೀಪ ಆರಿತು.

"ಇದೇ ಕತ್ತಲು ಮೇಡಂ," ಎಂದಳು ಚಿಕ್ಕಮ್ಮ. "ಇದಕ್ಕೇ ಉಳಿತಾಯ ಅಂತಾರೆ."

ಪಾಯಿಂಟ್ ಸಾಹೇಬ ಏನೋ ಹೇಳಲು ಬಾಯಿ ತೆರೆದಿರಬೇಕು. ಅವನಿಗಿಂತ ಮೊದಲು ಅವನ ದನಿ ಮಾತಾಡಿತು.

"ಹ್ಹೆಂ. ವಿಷಯ ಏನಪ್ಪಾ ಅಂದ್ರೆ, ನಮ್ಮಿಂದ ತಪ್ಪಾಗಿದೆ. ಈ ಮಷೀನನ್ನ ಇವತ್ತೇ ಗೋಡೆಯ ಪ್ಲಗ್ಗಿಗೆ ಹಾಕಿಸ್ತೀನಿ. ಪಾಯಿಂಟ್ ಏರಿದ್ರೆ ಏರ್ಲಿ. ಈ ಹುಡುಗಿ ರಜೆ ಶುರುವಾಗೋವರೆಗೂ ತಂಪಿನಲ್ಲೇ ಕೆಲಸ ಮಾಡ್ತಾಳೆ. ಹೆಂಗಸರ ಕೋಣೆಗೆ ಫ್ಯಾನು. ಆ ಮೂರು ರ್ಯಾಕು ಬಂದ್. ಬರ್ಕೊಳ್ಳಿ ಮೇಡಂ."

ಚಿಕ್ಕಮ್ಮನಿಗೆ ಸಾಹೇಬ ಎಲ್ಲಿದ್ದಾನೆಂದು ಗೊತ್ತಿತ್ತು. ಅವನ ಸೆಂಟಿನ ವಾಸನೆ ಎಡಗಡೆಯಿಂದ ಬರುತ್ತಿತ್ತು. ದನಿ ಬಂದದ್ದು ಬಲಗಡೆಯಿಂದ, ಡಬ್ಬದ ಎತ್ತರದಿಂದ. ಮೇಡಂಗೂ ಎರಡು ಕಿವಿ ಇದ್ದವು.

ಯಾರೋ ಕೈ ಬೀಸಿದರು. ದೀಪ ಹತ್ತಿತು. ಬೀಸಿದವನು ಪಾಯಿಂಟ್ ಸಾಹೇಬ. ಎರಡೂ ಕೈ ಮೇಲಿದ್ದವು, ಬಾಯಿ ತೆರೆದೇ ಇತ್ತು. ಗಿಣಿ ತಲೆ ತಗ್ಗಿಸಿ ರ್ಯಾಕಿನ ಬೆನ್ನು ಒರೆಸುತ್ತಿದ್ದಳು.

ಮೇಡಂ ಟ್ಯಾಬಿನಲ್ಲಿ ಬರೆಯುವುದನ್ನು ಮುಗಿಸಿದಳು. ಗಿಣಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸಾಹೇಬನ ಕಡೆ ತಿರುಗಿದಳು.

"ನೀವಾಗಿಯೇ ಹೇಳಿದ್ದು ಒಳ್ಳೇದಾಯ್ತು. ಒಂದೊಂದು ಮಾತೂ ಬರ್ಕೊಂಡಿದೀನಿ. ಮುಂದಿನ ತಿಂಗಳು ಇವನ್ನೆಲ್ಲ ನೋಡೋಕೆ ಬರ್ತೀನಿ. ಇಲ್ಲ, ನಾನು ಹಾಗೆ ಹೇಳಿಲ್ಲ ಅನ್ನೋದಾದ್ರೆ ಈಗ್ಲೇ ಹೇಳಿ. ಪ್ಲಗ್ಗಿನ ಮೋಸ ಒಂದನ್ನೇ ಬರೆದು ಮೇಲಕ್ಕೆ ಕಳಿಸ್ತೀನಿ."

ಸಾಹೇಬ ಸೂಪರ್‌ವೈಸರನ್ನು ನೋಡಿದ. ಸೂಪರ್‌ವೈಸರ್ ಕೆಳಗೆ ನೋಡಿದ. ತುಟಿ ಕಚ್ಚಿ ಹಿಡಿದಿದ್ದ ಅವನ ಮೂಗಿನಿಂದ ಒಂದು ಸದ್ದು ಹೊರಟಿತು. ಗಿಣಿಯ ಬೆನ್ನು ಕುಲುಕಿತು. ಚಿಕ್ಕಮ್ಮ ಕೆಮ್ಮಿದಳು. ಮೇಡಂ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು.

ಆಗ ಪಾಯಿಂಟ್ ಸಾಹೇಬ ನಕ್ಕ. ಹೇಳಿದ್ದು ತಾನೇ ಎಂದು ತೋರಿಸಲು ಅವನಿಗೆ ಬೇರೆ ದಾರಿಯಿರಲಿಲ್ಲ. ನಗುತ್ತ ಬಗ್ಗಿ ಕೈಯಾರೆ ಪ್ಲಗ್ ಎತ್ತಿಕೊಂಡ. ನಗುತ್ತ ಗೋಡೆಯ ಮುಚ್ಚಳವನ್ನು ಎಲೆಯ ಚಿತ್ರದ ಸಮೇತ ಕಿತ್ತ. ಚುಚ್ಚಿದ. ತಂಪು ಗಾಳಿ ಗಿಣಿಯ ಮುಖಕ್ಕೆ ಬಡಿಯಿತು. ಮೇಡಂ ಕೈಯಲ್ಲಿ ಸಂಖ್ಯೆ 1.31 ಆಯಿತು, 1.33 ಆಯಿತು, 1.35ಕ್ಕೆ ಬಂದು ನಿಂತಿತು. ಅದು ಏರಿದಂತೆಲ್ಲ ಅವನ ನಗುವೂ ಏರಿತು. ಸಾವಿರ ಫ್ಯಾನುಗಳ ಸದ್ದನ್ನು ಮೀರಿ, ಎರಡು ಬಾಗಿಲು ದಾಟಿ, ಸ್ಟೋರಿನಲ್ಲಿ ಫಿನಾಯಿಲ್ ಕ್ಯಾನುಗಳ ನಡುವೆ ಕೂತಿದ್ದ ಹೆಂಗಸರಿಗೂ ಅದು ಕೇಳಿಸಿತು.

"ಗಿಣಿ ಇವತ್ತು ಸಾಹೇಬನ್ನ ಚೆನ್ನಾಗಿ ಮಾಡ್ತಿದಾಳೆ," ಎಂದಳು ಅವರಲ್ಲೊಬ್ಬಳು.